ಅಂಗೈಯಗಲದ ಹೂವಿಗೆ ದೊಗಳೆ ಟೀ ಶರ್ಟ್ ಜೊತೆಯಾದೀತೇ?

ಪ್ರಶ್ನೆ: ನನಗೆ ಮೂವತ್ತೆಂಟು ವರ್ಷ. ಎತ್ತರ 155 ಸೆಂ.ಮೀ.; ಭುಜ ಕಿರಿದು, ಸೊಂಟದಿಂದ ಕೆಳಗೆ ತುಸು ಅಗಲ. ಓವರ್‌ಸೈಜ್ ಟೀ ಶರ್ಟ್ ತೊಡುವ ಆಸೆಯಿಂದ ನನ್ನ ಅಳತೆಗಿಂತ ಮೂರು ಸೈಜ್ ದೊಡ್ಡದನ್ನು ಕೊಂಡೆ. ತೊಟ್ಟರೆ ಬೇರೆ ಯಾರದೋ ಅಂಗಿಯನ್ನು ಎರವಲು ತಂದಂತೆ ಕಾಣುತ್ತದೆ. ಕಪ್ಪು ಬಟ್ಟೆಯ ಮೇಲೆ ಅಂಗೈಯಗಲದ ಹೂಗಳಿರುವ ಉದ್ದ ಸ್ಕರ್ಟ್ ಒಂದನ್ನೂ ಕೊಂಡು ಇಟ್ಟಿದ್ದೇನೆ. ಕುಳ್ಳಗಿರುವವರಿಗೆ ದೊಡ್ಡ ಹೂವು ಒಪ್ಪುವುದಿಲ್ಲ ಎಂದು ಗೆಳತಿಯರು ಹೇಳಿದ ಮೇಲೆ ಅದನ್ನು ಉಡುವ ಧೈರ್ಯ ಬಂದಿಲ್ಲ. ಇವೆರಡನ್ನೂ ಒಟ್ಟಿಗೆ ಧರಿಸಬಹುದೇ? ಕಚೇರಿಗೆ ಸಲ್ಲುತ್ತದೆಯೇ?

ಉತ್ತರ: ಒಟ್ಟಿಗೆ ಧರಿಸಬಹುದು. ದೊಡ್ಡ ಹೂವಿನ ಸ್ಕರ್ಟಿಗೆ ಸಾದಾ ಓವರ್‌ಸೈಜ್ ಟೀ ಶರ್ಟಿಗಿಂತ ಒಳ್ಳೆಯ ಜೊತೆ ಸಿಗುವುದು ಕಷ್ಟ ಎಂದೇ ನನ್ನ ಅಭಿಪ್ರಾಯ. ಆದರೆ ಈಗ ನಿಮ್ಮ ಬಳಿ ಇರುವ ಟೀ ಶರ್ಟ್ ಆ ಕೆಲಸಕ್ಕೆ ಒದಗುವುದಿಲ್ಲ. ಅದು ಎರವಲಿನಂತೆ ಕಾಣುವುದಕ್ಕೆ ನಿಮ್ಮ ಎತ್ತರವಾಗಲಿ ಮೈಕಟ್ಟಾಗಲಿ ಕಾರಣವಲ್ಲ. ನೀವು ಕೊಂಡದ್ದು ಓವರ್‌ಸೈಜ್ ಟೀ ಶರ್ಟೇ ಅಲ್ಲ, ನಿಮಗಿಂತ ದೊಡ್ಡ ಮೈಯವರಿಗಾಗಿ ಹೊಲಿದ ಸಾಮಾನ್ಯ ಟೀ ಶರ್ಟ್. ಸಿದ್ಧ ಉಡುಪುಗಳಲ್ಲಿ ಒಂದು ಸೈಜಿನಿಂದ ಮುಂದಿನದಕ್ಕೆ ಹೋದಾಗ ಎದೆಯ ಸುತ್ತಳತೆ ಸುಮಾರು 5 ಸೆಂ.ಮೀ., ಉದ್ದ ಸುಮಾರು 2 ಸೆಂ.ಮೀ. ಹೆಚ್ಚುತ್ತದೆ, ಕೊರಳಿನ ಅಗಲ ಮತ್ತು ತೋಳಿನ ಉದ್ದವೂ ಅದರೊಂದಿಗೇ ಬೆಳೆಯುತ್ತವೆ. ಮೂರು ಸೈಜ್ ಮೇಲೇರಿದಾಗ ನಿಮಗೆ ಬೇಕಿದ್ದ 15 ಸೆಂ.ಮೀ. ಸಡಿಲದ ಜೊತೆಗೆ, ಬೇಡದಿದ್ದ 6 ಸೆಂ.ಮೀ. ಉದ್ದವೂ ಭುಜದಿಂದ ಜಾರುವ ಕೊರಳೂ ಬಂದಿವೆ. ಎತ್ತರದವರಲ್ಲಿ ಆ ಉದ್ದ ಲೆಕ್ಕಕ್ಕೆ ಬಾರದೆ ಹೋಗಬಹುದು, 155 ಸೆಂ.ಮೀ. ಎತ್ತರದವರಲ್ಲಿ ಅದು ಅಂಗಿಯ ಅಂಚನ್ನು ನೇರವಾಗಿ ತೊಡೆಯ ಮೇಲೆ ತಂದು ನಿಲ್ಲಿಸುತ್ತದೆ.

ಓವರ್‌ಸೈಜ್ ಎಂದೇ ರೂಪಿಸಿದ ಟೀ ಶರ್ಟಿನ ಕಟಿಂಗ್ ಬೇರೆ. ಅದರಲ್ಲಿ ಸಡಿಲವನ್ನು ಎದೆ, ಭುಜ ಮತ್ತು ತೋಳುಗಳಲ್ಲಿ ಮಾತ್ರ ಕೊಟ್ಟಿರುತ್ತಾರೆ; ಎದೆಯ ಸುತ್ತ ಮೈಯಳತೆಗಿಂತ 20ರಿಂದ 30 ಸೆಂ.ಮೀ. ಹೆಚ್ಚು ಬಟ್ಟೆಯಿದ್ದರೂ ಕೊರಳು ಕೊರಳಿಗೆ ಸರಿಯಾಗಿರುತ್ತದೆ, ಉದ್ದವೂ ಅಷ್ಟಾಗಿ ಹೆಚ್ಚಿರುವುದಿಲ್ಲ. ಭುಜದ ಹೊಲಿಗೆ ಮೂಳೆಯ ತುದಿಯಿಂದ 5ರಿಂದ 8 ಸೆಂ.ಮೀ. ಕೆಳಗೆ, ಮೇಲ್ದೋಳಿನ ಮೇಲೆ ಕೂರುತ್ತದೆ. ಡ್ರಾಪ್ ಶೋಲ್ಡರ್ ಎಂದು ಚೀಟಿಯಲ್ಲಿ ಬರೆದಿರುವುದು ಇದನ್ನೇ. ತೋಳು ಅಗಲವಾಗಿದ್ದು ಮೊಣಕೈಯ ಹತ್ತಿರಕ್ಕೆ ಬರುತ್ತದೆ. ಇಂಥದ್ದನ್ನು ನಿಮ್ಮ ಎಂದಿನ ಸೈಜಿನಲ್ಲಿಯೇ ಕೊಳ್ಳಬೇಕು, ಏಕೆಂದರೆ ಸಡಿಲವನ್ನು ಈಗಾಗಲೇ ಅದರ ಅಳತೆಯೊಳಗೆ ಸೇರಿಸಿಯಾಗಿದೆ. ಹೆಸರು ನಂಬಿ ಒಂದು ಸೈಜ್ ಮೇಲೇರಿದರೆ ಮತ್ತೆ ಹಳೆಯ ತೊಂದರೆಗೇ ಮರಳುತ್ತೀರಿ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಕೊರಳಪಟ್ಟಿ. ಅದು ದಪ್ಪ ರಿಬ್ ಹೆಣಿಗೆಯದಾಗಿದ್ದು ಕುತ್ತಿಗೆಯ ಬುಡಕ್ಕೆ ಹತ್ತಿರವಾಗಿ ಕುಳಿತರೆ, ಉಳಿದ ಬಟ್ಟೆ ಎಷ್ಟೇ ಸಡಿಲವಾಗಿದ್ದರೂ ಅಂಗಿ ನಿಮ್ಮದೇ ಎಂದು ಕಾಣುತ್ತದೆ. ದೊಗಳೆ ಉಡುಪು ಮೈಗೆ ಅಂಟಿಕೊಂಡಿರುವ ಜಾಗ ಅದೊಂದೇ. ಅದೂ ಸಡಿಲಗೊಂಡರೆ ನೋಡುವವರ ಕಣ್ಣಿಗೆ ಉಡುಪಿನೊಳಗಿನ ಮೈ ಎಲ್ಲಿದೆ ಎಂಬ ಸುಳಿವೇ ಸಿಗುವುದಿಲ್ಲ. ಕಿರಿದಾದ ಭುಜದ ಬಗ್ಗೆ ನೀವು ಹೇಳಿದ್ದೀರಿ. ಡ್ರಾಪ್ ಶೋಲ್ಡರ್ ನಿಮಗೆ ಅನುಕೂಲಕರವೇ. ಭುಜದಿಂದ ಹೊರಕ್ಕೆ ಚಾಚುವ ಬಟ್ಟೆ ಮೇಲ್ಭಾಗಕ್ಕೆ ಅಗಲ ಕೊಡುವುದರಿಂದ, ಸೊಂಟದ ಕೆಳಗಿನ ಅಗಲ ಅದಕ್ಕೆ ಸಮನಾಗಿ ಕಾಣುತ್ತದೆ. ಮೈ ತೀರ ನೇರವಾಗಿರುವವರಿಗಿಂತ ನಿಮ್ಮಂಥ ಮೈಕಟ್ಟಿಗೆ ಈ ಶೈಲಿ ಹೆಚ್ಚು ಉಪಕಾರಿ. ಭುಜದ ಹೊಲಿಗೆ 5 ಸೆಂ.ಮೀ. ಆಸುಪಾಸಿನಲ್ಲಿ ಇಳಿದಿರಲಿ, ಮೇಲ್ದೋಳಿನ ಅರ್ಧದವರೆಗೆ ಇಳಿದರೆ ತೋಳೇ ಗಿಡ್ಡವಾಗಿ ಕಾಣುತ್ತದೆ.

ಎರಡನೆಯದು ಬಟ್ಟೆಯ ತೂಕ. ಅಂಗಡಿಗಳಲ್ಲಿ ಜಿಎಸ್‌ಎಂ ಎಂದು ಹೇಳುವುದು ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. 140ರಿಂದ 160ರವರೆಗಿನ ಜೆರ್ಸಿ, ಅಂದರೆ ಟೀ ಶರ್ಟಿಗೆ ಬಳಸುವ ಹೆಣಿಗೆ ಬಟ್ಟೆ, ತೆಳು; ಅದು ಮೈಯ ಏರಿಳಿತಗಳಿಗೆ ಅಂಟಿಕೊಂಡು ಜೋತು ಬೀಳುತ್ತದೆ. 180ರಿಂದ 200ರದ್ದು ನಡುಮಟ್ಟದ್ದು. 220ರಿಂದ 260ರದ್ದು ದಪ್ಪ. ಮೈಯಿಂದ ಸ್ವಲ್ಪ ದೂರ ನಿಂತು ತನ್ನದೇ ಆಕಾರವನ್ನು ಉಳಿಸಿಕೊಳ್ಳುತ್ತದೆ. ಓವರ್‌ಸೈಜ್ ಎಂದರೆ ದಪ್ಪ ಬಟ್ಟೆಯೇ ಬೇಕೆಂಬ ಮಾತು ಈಗ ಬಹಳ ಚಾಲ್ತಿಯಲ್ಲಿದೆ, ಆದರೆ ಅದು ಅರ್ಧ ಮಾತ್ರ ಸರಿ. ಅಂಚನ್ನು ಹೊರಗೆ ಬಿಟ್ಟು ತೊಡುವ ಟೀ ಶರ್ಟಿಗೆ ದಪ್ಪ ಬಟ್ಟೆ ಒಳ್ಳೆಯದು. ಸ್ಕರ್ಟಿನೊಳಗೆ ಸೇರಿಸಿ ತೊಡುವುದಾದರೆ ಅದೇ ದಪ್ಪ ಸೊಂಟಪಟ್ಟಿಯ ಕೆಳಗೆ ಉಬ್ಬಿಕೊಂಡು, ಇಲ್ಲದ ಹೊಟ್ಟೆಯನ್ನು ತೋರಿಸುತ್ತದೆ. ನಿಮ್ಮ ಉದ್ದೇಶಕ್ಕೆ 180ರ ಆಸುಪಾಸಿನದು ಸಾಕು.

ಮೂರನೆಯದು ಅಂಚು ಎಲ್ಲಿ ನಿಲ್ಲುತ್ತದೆ ಎಂಬುದು. ಟೀ ಶರ್ಟಿನ ಅಂಚು ಒಂದು ಅಡ್ಡಗೆರೆ. ಅಡ್ಡಗೆರೆ ಬಿದ್ದಲ್ಲಿ ಕಣ್ಣು ನಿಂತು ಅಗಲವನ್ನು ಅಳೆಯುತ್ತದೆ. ಸೊಂಟದ ಕೆಳಗಿನ ಅತ್ಯಂತ ಅಗಲವಾದ ಭಾಗದಲ್ಲಿಯೇ ಆ ಗೆರೆ ಬಿದ್ದರೆ ಇಡೀ ಆಕೃತಿ ಪೆಟ್ಟಿಗೆಯಾಗುತ್ತದೆ. ಅದಕ್ಕಿಂತ ನಾಲ್ಕು ಬೆರಳು ಮೇಲೆ ನಿಲ್ಲುವ ಗಿಡ್ಡ ಓವರ್‌ಸೈಜ್ ಸಿಕ್ಕರೆ ಬೇರೇನೂ ಮಾಡಬೇಕಿಲ್ಲ. ಸಿಗದಿದ್ದರೆ ಅಂಚಿನ ಮುಂಭಾಗವನ್ನು ಮಾತ್ರ, ಅಂದರೆ ಹೊಕ್ಕುಳಿನ ನೇರಕ್ಕೆ ಒಂದು ಗೇಣಿನಷ್ಟು ಬಟ್ಟೆಯನ್ನು ಸ್ಕರ್ಟಿನೊಳಗೆ ಸೇರಿಸಿ, ಎರಡೂ ಕೈಗಳನ್ನು ಒಮ್ಮೆ ಮೇಲೆತ್ತಿ ಇಳಿಸಿ. ಹೊರಬರಬೇಕಾದಷ್ಟು ಬಟ್ಟೆ ತಾನಾಗಿ ಹೊರಬಂದು ಸಹಜವಾಗಿ ಇಳಿಬೀಳುತ್ತದೆ. ಅಡ್ಡಗೆರೆ ಹೀಗೆ ಮುರಿದು ಎರಡು ಪಕ್ಕಕ್ಕೂ ಓರೆಯಾಗುತ್ತದೆ, ಸೊಂಟ ಎಲ್ಲಿದೆ ಎಂಬುದು ಒಂದು ಕಡೆಯಲ್ಲಾದರೂ ಕಾಣಿಸುತ್ತದೆ, ಕಾಲುಗಳು ಅಲ್ಲಿಂದಲೇ ಆರಂಭವಾದಂತೆ ತೋರುತ್ತವೆ. ಸುತ್ತಲೂ ಪೂರ್ತಿ ಒಳಸೇರಿಸುವುದನ್ನು ನಾನು ಹೇಳುವುದಿಲ್ಲ. ಅಷ್ಟು ಅಗಲದ ಬಟ್ಟೆ ಸೊಂಟದ ಮೇಲೆ ಬಲೂನಿನಂತೆ ಊದಿಕೊಳ್ಳುತ್ತದೆ. ಪಕ್ಕದಲ್ಲಿ ಗಂಟು ಹಾಕುವುದು ಮನೆಯಲ್ಲಿ, ಪ್ರವಾಸದಲ್ಲಿ ಚೆನ್ನ. ತೋಳುಗಳನ್ನು ಎರಡು ಸುತ್ತು ಮಡಿಚಿ ಮೊಣಕೈಗಿಂತ ಮೂರು ಬೆರಳು ಮೇಲಕ್ಕೆ ತಂದರೆ ಮುಂಗೈ ಪೂರ್ತಿ ಬಿಡುವಾಗಿ, ಸಡಿಲ ಉದ್ದೇಶಪೂರ್ವಕವಾದದ್ದು ಎಂದು ಕಾಣುತ್ತದೆ.

ಇನ್ನು ಹೂವಿನ ವಿಷಯ. ಕುಳ್ಳಗಿರುವವರು ದೊಡ್ಡ ಹೂವು ಉಡಬಾರದೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ನಿಯಮವನ್ನು ಪಾಲಿಸುವವರು ಚಿಕ್ಕ ಚಿಕ್ಕ ಹೂಗಳ ಬಟ್ಟೆಗೆ ಮೊರೆಹೋಗುತ್ತಾರೆ; ಉಗುರಿನಷ್ಟು ಹೂಗಳು ಕನ್ನಡಿಯ ಮುಂದೆ ಅಂದವಾಗಿ ಕಂಡರೂ, ನಾಲ್ಕೈದು ಮೀಟರ್ ದೂರದಿಂದ ಅವುಗಳ ಬಣ್ಣಗಳೆಲ್ಲ ಕಣ್ಣಿನಲ್ಲಿ ಬೆರೆತು ಮಸುಕು ಮಸುಕಾದ ಒಂದೇ ಬಣ್ಣವಾಗುತ್ತವೆ. ನಮ್ಮನ್ನು ಬೇರೆಯವರು ನೋಡುವುದು ಹೆಚ್ಚಾಗಿ ಆ ದೂರದಿಂದಲೇ. ಅಷ್ಟು ದೂರಕ್ಕೂ ಹೂವಾಗಿಯೇ ಉಳಿಯುವುದು ದೊಡ್ಡ ಹೂವು.

ಒಂದು ಚಿತ್ತಾರದ ಅಬ್ಬರ ಮೂರು ಸಂಗತಿಗಳಿಂದ ಆಗುತ್ತದೆ: ಹೂವಿನ ಗಾತ್ರ, ಹೂವಿಗೂ ಹಿನ್ನೆಲೆಗೂ ಇರುವ ಬಣ್ಣದ ಅಂತರ, ಹೂಗಳ ದಟ್ಟಣೆ. ಮೂರೂ ಒಟ್ಟಿಗೆ ಹೆಚ್ಚಾದಾಗ ಬಟ್ಟೆ ಉಟ್ಟವರನ್ನು ನುಂಗುತ್ತದೆ, ಆಗ ಅವರು ಆರು ಅಡಿ ಎತ್ತರವಿದ್ದರೂ ಪ್ರಯೋಜನವಿಲ್ಲ. ಮೂರರಲ್ಲಿ ಒಂದನ್ನಾದರೂ ತಗ್ಗಿಸಿದ ಬಟ್ಟೆಯನ್ನು ಆರಿಸಿಕೊಂಡರೆ ಉಳಿದೆರಡು ನಿರ್ಭಯವಾಗಿ ಮೆರೆಯಬಹುದು. ನಿಮ್ಮ ಸ್ಕರ್ಟಿನಲ್ಲಿ ಗಾತ್ರ ದೊಡ್ಡದು, ಕಪ್ಪಿನ ಮೇಲಾದ್ದರಿಂದ ಅಂತರವೂ ದೊಡ್ಡದು. ಆದ್ದರಿಂದ ನೀವು ನೋಡಬೇಕಾದದ್ದು ಹೂಗಳ ನಡುವಿನ ಜಾಗ. ಎರಡು ಹೂಗಳ ನಡುವೆ ಕನಿಷ್ಠ ಅರ್ಧ ಹೂವಿನಷ್ಟು ಕಪ್ಪು ಉಳಿದಿದ್ದರೆ ಸ್ಕರ್ಟ್ ನಿಮ್ಮದೇ, ಧಾರಾಳವಾಗಿ ಉಡಿ. ಹೂವಿಗೆ ಹೂವು ಒತ್ತಿಕೊಂಡಿದ್ದರೆ ಮೇಲಿನ ಉಡುಪು ಇನ್ನಷ್ಟು ಮೌನವಾಗಿರಬೇಕಾಗುತ್ತದೆ, ಅಷ್ಟೇ.

ಎತ್ತರಕ್ಕೆ ಸಂಬಂಧಪಟ್ಟ ನಿಜವಾದ ಮಿತಿಯೊಂದಿದೆ, ಅದನ್ನು ಯಾರೂ ಹೇಳುವುದಿಲ್ಲ. ಕಾರ್ಖಾನೆಗಳಲ್ಲಿ ರೋಟರಿ ಸ್ಕ್ರೀನಿನಿಂದ ಅಚ್ಚು ಹಾಕುವಾಗ ಉರುಳೆಯ ಸುತ್ತಳತೆ ಸಾಮಾನ್ಯವಾಗಿ 64 ಸೆಂ.ಮೀ. ಇರುತ್ತದೆ, ಆದ್ದರಿಂದ ಚಿತ್ತಾರ 64 ಸೆಂ.ಮೀ.ಗೊಮ್ಮೆ, ಇಲ್ಲವೇ ಅದರ ಅರ್ಧ ಅಥವಾ ಕಾಲು ಭಾಗಕ್ಕೊಮ್ಮೆ ಮರುಕಳಿಸುತ್ತದೆ. ಡಿಜಿಟಲ್ ಅಚ್ಚಿಗೆ ಈ ಕಟ್ಟುಪಾಡಿಲ್ಲ. ನಿಮ್ಮ ಎತ್ತರಕ್ಕೆ ಉದ್ದ ಸ್ಕರ್ಟ್ ಎಂದರೆ ಸುಮಾರು 80 ಸೆಂ.ಮೀ. ಚಿತ್ತಾರ 64 ಸೆಂ.ಮೀ.ಗೆ ಮರುಕಳಿಸುವುದಾದರೆ ಸೊಂಟದಿಂದ ಅಂಚಿನವರೆಗೆ ಅದು ಒಮ್ಮೆ ಮಾತ್ರ ಪೂರ್ತಿ ಕಾಣುತ್ತದೆ. ಅದು ದೋಷವಲ್ಲ, ಆದರೆ ಅತಿ ದೊಡ್ಡ ಹೂವು ಎಲ್ಲಿ ಬೀಳುತ್ತದೆ ಎಂಬುದು ಆಗ ಬಹಳ ಮುಖ್ಯವಾಗುತ್ತದೆ. ಹೊಟ್ಟೆಯ ನಡುವೆ ಒಂದೇ ಹೂವು ಬಿದ್ದರೆ, ಅಥವಾ ಹಿಂದೆ ಎರಡೂ ಪಕ್ಕಕ್ಕೆ ಒಂದೊಂದು ಬಿದ್ದರೆ, ಕಣ್ಣು ಅಲ್ಲಿಂದ ಕದಲುವುದಿಲ್ಲ. ದೊಡ್ಡ ಹೂಗಳು ಮೊಣಕಾಲಿನಿಂದ ಕೆಳಗೆ ಗುಂಪಾಗಿದ್ದು ಮೇಲಕ್ಕೆ ಹೋದಂತೆ ವಿರಳವಾಗುವ ಬಟ್ಟೆ ಸಿಕ್ಕರೆ ಅದನ್ನು ಬಿಡಬೇಡಿ. ಹಾಗೆಯೇ ಹೂವನ್ನು ಅರ್ಧಕ್ಕೆ ಕತ್ತರಿಸುವ ಹೊಲಿಗೆಗಳು ಎಷ್ಟಿವೆ ನೋಡಿ. ಆರೆಂಟು ಪಟ್ಟಿಗಳನ್ನು ಜೋಡಿಸಿ ಹೊಲಿದ ಸ್ಕರ್ಟಿನಲ್ಲಿ ದೊಡ್ಡ ಹೂವು ತುಂಡಾಗುತ್ತದೆ. ದಟ್ಟ ನೆರಿಗೆಯ ಸ್ಕರ್ಟಿನಲ್ಲಿ ಮಡಿಕೆಯೊಳಗೆ ಅಡಗುತ್ತದೆ. ಎರಡೇ ಹೊಲಿಗೆಯ, ಸೊಂಟದಲ್ಲಿ ಚಪ್ಪಟೆಯಾಗಿ ಕುಳಿತು ಕೆಳಗೆ ಅರಳುವ ಕಟಿಂಗ್ ದೊಡ್ಡ ಹೂವಿಗೆ ನ್ಯಾಯ ಒದಗಿಸುತ್ತದೆ.

ದೊಡ್ಡ ಹೂವನ್ನು ಈ ವರ್ಷ ಬಂದು ಮುಂದಿನ ವರ್ಷ ಹೋಗುವ ಫ್ಯಾಷನ್ ಎಂದು ಭಾವಿಸಿ ಹಿಂಜರಿಯುವವರೂ ಇದ್ದಾರೆ. 17ನೇ ಶತಮಾನದಲ್ಲಿ ಭಾರತದಿಂದ ಯುರೋಪಿಗೆ ಹೋದ ಹೂಬಳ್ಳಿಯ ಹತ್ತಿಬಟ್ಟೆಗಳಿಗೆ ಅಲ್ಲಿನ ಜನ ಎಷ್ಟು ಮರುಳಾದರೆಂದರೆ, ತಮ್ಮ ರೇಷ್ಮೆ ಮತ್ತು ಉಣ್ಣೆಯ ನೇಕಾರರನ್ನು ಕಾಪಾಡಲು ಫ್ರಾನ್ಸ್ 1686ರಲ್ಲಿ ಅವನ್ನು ನಿಷೇಧಿಸಿ 1759ರವರೆಗೂ ಆ ನಿಷೇಧವನ್ನು ಮುಂದುವರಿಸಿತು. ಇಂಗ್ಲೆಂಡ್ 1700 ಮತ್ತು 1721ರಲ್ಲಿ ಇಂಥವೇ ಕಾಯ್ದೆಗಳನ್ನು ತಂದಿತು. ಆ ಬಟ್ಟೆಗಳ ಹೆಚ್ಚುಗಾರಿಕೆ ಚಿತ್ತಾರದಲ್ಲಿ ಮಾತ್ರವಲ್ಲ, ಒಗೆದರೂ ಬಿಡದ ಬಣ್ಣದಲ್ಲಿಯೂ ಇತ್ತು. ನಮ್ಮ ಕಾಲಕ್ಕೆ ಹತ್ತಿರದ ಉದಾಹರಣೆ ಫಿನ್ಲೆಂಡಿನ ಮಾರಿಮೆಕ್ಕೊ ಸಂಸ್ಥೆಯದು. ಹೂವಿನ ಚಿತ್ತಾರ ಬೇಡವೆಂದು ಸಂಸ್ಥಾಪಕಿ ಆರ್ಮಿ ರಾಟಿಯಾ ಹೇಳಿದ್ದರೂ, ವಿನ್ಯಾಸಕಿ ಮಾಯಾ ಇಸೋಲಾ 1964ರಲ್ಲಿ ಉನಿಕ್ಕೊ ಎಂಬ ದೈತ್ಯ ಗಸಗಸೆ ಹೂವಿನ ಚಿತ್ತಾರವನ್ನು ಬರೆದರು. ಅದು ಇಂದಿಗೂ ಅಚ್ಚಾಗುತ್ತಿದೆ. ಅದರ ದಳಗಳಲ್ಲಿ ನೆರಳಿಲ್ಲ, ಬಣ್ಣಗಳು ಸಪಾಟು, ಹೊರಗೆರೆ ಸ್ಪಷ್ಟ. ದೊಡ್ಡ ಹೂವನ್ನು ಆರಿಸುವಾಗ ಈ ಗುಣ ನೆನಪಿನಲ್ಲಿರಲಿ: ಛಾಯಾಚಿತ್ರದಂತೆ ನಿಜವೆನಿಸುವ ಹೂವಿಗಿಂತ, ಬಿಡಿಸಿದ್ದೆಂದು ಗೊತ್ತಾಗುವ ಹೂವು ಉಡುಪಿನ ಮೇಲೆ ಹೆಚ್ಚು ಗಂಭೀರವಾಗಿ ಕಾಣುತ್ತದೆ, ಬೇಗ ಹಳತಾಗುವುದೂ ಇಲ್ಲ.

ಈಗ ಎರಡನ್ನೂ ಸೇರಿಸೋಣ. ಓವರ್‌ಸೈಜ್ ಟೀ ಶರ್ಟ್ ಎಂದರೆ ಮೂಲತಃ ದೊಡ್ಡದೊಂದು ಖಾಲಿ ಜಾಗ. 1984ರಲ್ಲಿ ಬ್ರಿಟನ್ನಿನ ವಿನ್ಯಾಸಕಿ ಕ್ಯಾಥರೀನ್ ಹ್ಯಾಮ್ನೆಟ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರನ್ನು ಭೇಟಿಯಾದಾಗ, ಅಮೆರಿಕದ ಪರ್ಷಿಂಗ್ ಅಣ್ವಸ್ತ್ರ ಕ್ಷಿಪಣಿಗಳಿಗೆ ವಿರೋಧ ಸೂಚಿಸುವ ದಪ್ಪಕ್ಷರಗಳಿದ್ದ ದೊಗಳೆ ಟೀ ಶರ್ಟ್ ತೊಟ್ಟಿದ್ದರು. ಕೋಣೆಯ ಆ ತುದಿಯಿಂದಲೂ ಓದಬಲ್ಲಷ್ಟು ಜಾಗ ಆ ಬಟ್ಟೆಗಿತ್ತು. ಆ ಜಾಗದಲ್ಲಿ ಏನಾದರೂ ಬರೆಯಬಹುದು, ಇಲ್ಲವೇ ಅದನ್ನು ಖಾಲಿ ಬಿಟ್ಟು ಮಾತನ್ನು ಸ್ಕರ್ಟಿಗೆ ಒಪ್ಪಿಸಬಹುದು. ದೊಡ್ಡ ಹೂವಿನ ಜೊತೆ ಎರಡನೆಯ ದಾರಿಯೇ ಸರಿ. ಎದೆಯ ಮೇಲೆ ಅಕ್ಷರ, ಚಿತ್ರ, ಜೇಬು, ಹೊಳೆಯುವ ಅಚ್ಚು ಯಾವುದೂ ಇಲ್ಲದ ಒಂದೇ ಬಣ್ಣದ ಟೀ ಶರ್ಟ್ ತೆಗೆದುಕೊಳ್ಳಿ.

ಯಾವ ಬಣ್ಣ ಎಂಬುದಕ್ಕೆ ಉತ್ತರ ಸ್ಕರ್ಟಿನಲ್ಲಿಯೇ ಇದೆ. ಹಿನ್ನೆಲೆಯ ಬಣ್ಣವನ್ನೇ, ಅಂದರೆ ನಿಮ್ಮ ವಿಷಯದಲ್ಲಿ ಕಪ್ಪನ್ನೇ ಮೇಲಕ್ಕೂ ಒಯ್ದರೆ ಕೊರಳಿನಿಂದ ಪಾದದ ಬಳಿಯವರೆಗೆ ಬಣ್ಣ ಎಲ್ಲಿಯೂ ತುಂಡಾಗುವುದಿಲ್ಲ. ಎತ್ತರ ಕಡಿಮೆಯಿರುವವರಿಗೆ ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ಕಪ್ಪಿನಲ್ಲಿಯೂ ಕಂದುಗಪ್ಪು, ನೀಲಿಗಪ್ಪು ಎಂಬ ಭೇದಗಳಿವೆ, ಆದ್ದರಿಂದ ಹಗಲು ಬೆಳಕಿನಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ನನಗೆ ವೈಯಕ್ತಿಕವಾಗಿ ಇನ್ನೂ ಇಷ್ಟವಾದದ್ದು ಎಲೆಯ ಬಣ್ಣ. ಹೂವಿನ ಚಿತ್ತಾರದಲ್ಲಿ ಎಲ್ಲರೂ ದಳಗಳ ಕೆಂಪನ್ನೋ ಹಳದಿಯನ್ನೋ ಹೊಂದಿಸಲು ಹೊರಡುತ್ತಾರೆ. ಎಲೆ, ಕಾಂಡಗಳ ಮಂಕು ಹಸಿರನ್ನು ಯಾರೂ ಗಮನಿಸುವುದಿಲ್ಲ. ಆ ಹಸಿರಿನ ಟೀ ಶರ್ಟ್ ತೊಟ್ಟಾಗ ಹೂಗಳು ತಾವಾಗಿ ಮುಂದೆ ಬರುತ್ತವೆ, ಆದರೂ ಹೊಂದಿಸಲು ಹೆಣಗಿದಂತೆ ಕಾಣುವುದಿಲ್ಲ. ದಳದ ಅತಿ ಗಾಢ ಬಣ್ಣವನ್ನೇ ಮೇಲಕ್ಕೆ ತಂದರೆ ಆಕೃತಿ ಸೊಂಟದಲ್ಲಿ ಎರಡು ತುಂಡಾಗುತ್ತದೆ. ನಿಮಗೆ ಅದು ಬೇಡ. ಬಿಳಿ ಟೀ ಶರ್ಟ್ ಎಲ್ಲದಕ್ಕೂ ಒಪ್ಪುತ್ತದೆ ಎನ್ನುವುದೂ ಅಷ್ಟೇನೂ ನಿಜವಲ್ಲ. ಚಿತ್ತಾರದೊಳಗೆ ಅಚ್ಚ ಬಿಳಿ ಎಲ್ಲಿಯಾದರೂ ಇದ್ದರೆ ಮಾತ್ರ ಅಚ್ಚ ಬಿಳಿ ತೊಡಿ. ಅಲ್ಲಿರುವುದು ಕೆನೆಬಣ್ಣವಾದರೆ ಪಕ್ಕದ ಅಚ್ಚ ಬಿಳಿ ಅದನ್ನು ಕೊಳೆಯಾದಂತೆ ತೋರಿಸುತ್ತದೆ.

ಸ್ಕರ್ಟಿನ ಅಂಚು ಮೀನಖಂಡದ ದಪ್ಪ ಭಾಗದಲ್ಲಿ ನಿಲ್ಲದೆ, ಕಾಲಿನ ಗಂಟಿಗಿಂತ ಸ್ವಲ್ಪ ಮೇಲೆ, ಕಾಲು ಸಣ್ಣದಾಗುವ ಕಡೆ ನಿಲ್ಲಲಿ. ಕೊರಳಿಗೆ ಉದ್ದ ಸರ ಬೇಡ; ಕಿವಿಗೆ ಒಂದು ಗಟ್ಟಿ ಲೋಹದ ಓಲೆ ಸಾಕು. ಹೂವಿನ ಸ್ಕರ್ಟಿಗೆ ಹೂವಿನದೇ ಟೀ ಶರ್ಟ್ ಜೋಡಿಸುವ ಪ್ರಯೋಗವನ್ನು, ಎರಡರ ಹಿನ್ನೆಲೆಯ ಬಣ್ಣ ಒಂದೇ ಆಗಿದ್ದು ಹೂಗಳ ಗಾತ್ರದಲ್ಲಿ ಎದ್ದು ಕಾಣುವ ವ್ಯತ್ಯಾಸವಿದ್ದಾಗ ಮಾತ್ರ ಮಾಡಿ.

ಕಚೇರಿಯ ಬಗ್ಗೆ ಕೇಳಿದ್ದೀರಿ. ಉಡುಪಿನ ನಿಯಮ ಬಿಗಿಯಾಗಿರುವ ಕಡೆಗೆ ಟೀ ಶರ್ಟನ್ನು ಯಾವ ರೂಪದಲ್ಲಿಯೂ ಒಯ್ಯಬೇಡಿ. ಸ್ಕರ್ಟಿಗೆ ಸಾದಾ ಶರ್ಟ್ ಜೋಡಿಸಿ. ಉಳಿದೆಡೆ ಗಾಢ ಬಣ್ಣದ, ಹೊಸತನ ಕೆಡದ, ಕೊರಳು ಜೋಲದ ಟೀ ಶರ್ಟ್ ನಡೆಯುತ್ತದೆ. ಅದರ ಮೇಲೆ ಬ್ಲೇಜರ್ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಸಲಹೆ ನಿಮಗೂ ಬಂದಿರಬಹುದು. ಆದರೆ ಡ್ರಾಪ್ ಶೋಲ್ಡರಿನ ಅಗಲ ತೋಳು ಬ್ಲೇಜರಿನ ಕಿರಿದಾದ ತೋಳಿನೊಳಗೆ ಮುದ್ದೆಯಾಗಿ, ಕಂಕುಳಲ್ಲಿ ಉಬ್ಬಿ, ದಿನವಿಡೀ ಕಿರಿಕಿರಿ ಕೊಡುತ್ತದೆ. ಬ್ಲೇಜರ್ ಬೇಕೆಂದರೆ ಒಳಗೆ ಮೈಯಳತೆಯ ಟೀ ಶರ್ಟ್ ತೊಡಿ. ಓವರ್‌ಸೈಜ್ ಟೀ ಶರ್ಟೇ ಬೇಕೆಂದರೆ ಮೇಲೆ ತೋಳಿಲ್ಲದ, ಮುಂಭಾಗ ತೆರೆದ ಉದ್ದ ಜಾಕೆಟ್ ಹಾಕಿ. ಅದರ ಎರಡು ನೇರ ಅಂಚುಗಳು ಟೀ ಶರ್ಟಿನ ಅಗಲವನ್ನು ಎರಡೂ ಪಕ್ಕದಿಂದ ಮರೆಮಾಡುತ್ತವೆ. ಪಾದರಕ್ಷೆ ಮುಚ್ಚಿದ, ಮುಂದೆ ತುಸು ಚೂಪಾದದ್ದಿರಲಿ. ದಪ್ಪ ಅಡಿಯ ಸ್ನೀಕರ್ ರಜಾದಿನಕ್ಕೆ ಇರಲಿ.

ಒಗೆಯುವ ವಿಷಯದಲ್ಲಿ ಇಷ್ಟು ಸಾಕು. ಸ್ಕರ್ಟಿನ ಹೂವನ್ನು ಬೆರಳಿನಿಂದ ಮುಟ್ಟಿದಾಗ ಬಟ್ಟೆಯ ಮೇಲೆ ತೆಳುವಾದ ಪದರವಿದ್ದಂತೆ ತೋರಿದರೆ ಅದು ಪಿಗ್ಮೆಂಟ್ ಅಚ್ಚು. ಬಣ್ಣ ಮೇಲ್ಮೈಯಲ್ಲಿ ಮಾತ್ರ ಅಂಟಿರುವುದರಿಂದ ಉಜ್ಜಿದಲ್ಲೆಲ್ಲ ಮಾಸುತ್ತದೆ. ಹೂವಿದ್ದಲ್ಲಿಯೂ ಇಲ್ಲದಲ್ಲಿಯೂ ಬಟ್ಟೆ ಒಂದೇ ಮೃದುತನದಲ್ಲಿದ್ದರೆ ಬಣ್ಣ ನೂಲಿನೊಳಗೇ ಇಳಿದಿದೆ, ಅದು ಹೆಚ್ಚು ಕಾಲ ಬಾಳುತ್ತದೆ. ಎರಡನ್ನೂ ಒಳಹೊರಗು ತಿರುಗಿಸಿ ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿ.

ಕೊನೆಯದಾಗಿ, ಈಗಾಗಲೇ ಕೊಂಡಿರುವ ಮೂರು ಸೈಜ್ ದೊಡ್ಡ ಟೀ ಶರ್ಟ್. ಅದರ ಉದ್ದವನ್ನು ಕಡಿಮೆ ಮಾಡಿಸಬಹುದು, ಹೆಣಿಗೆ ಬಟ್ಟೆಯನ್ನು ಹೊಲಿಯಬಲ್ಲ ದರ್ಜಿ ಕೊರಳಪಟ್ಟಿಯನ್ನು ಬಿಚ್ಚಿ ಚಿಕ್ಕದೊಂದು ರಿಬ್ ಪಟ್ಟಿಯನ್ನು ಕೂರಿಸಿಕೊಡಲೂ ಬಹುದು. ಅಂಚನ್ನು ಸಾದಾ ಒಂಟಿ ಹೊಲಿಗೆಯಲ್ಲಿ ಮುಗಿಸಿದರೆ ಎಳೆದಾಗ ನೂಲು ಹರಿಯುತ್ತದೆ. ಜೋಡಿ ಸೂಜಿಯ ಹೊಲಿಗೆಯನ್ನೇ ಕೇಳಿ. ಕತ್ತರಿಸಿದ ಅಂಚನ್ನು ಹೊಲಿಯದೆ ಹಾಗೆಯೇ ಬಿಡುವ ಶೈಲಿಯೂ ಇದೆ, ಆದರೆ ಜೆರ್ಸಿ ಬಟ್ಟೆಯ ಬಿಡಿ ಅಂಚು ಒಂದೆರಡು ಒಗೆತದಲ್ಲಿಯೇ ಸುರುಳಿಯಾಗಿ ಮೇಲೇರುವುದರಿಂದ, ಹಾಗೆ ಬಿಡುವುದಾದರೆ ಎರಡು ಬೆರಳು ಹೆಚ್ಚು ಉದ್ದ ಇಟ್ಟುಕೊಳ್ಳಿ. ಪಕ್ಕದ ಹೊಲಿಗೆ ಹೊಟ್ಟೆಯ ಕಡೆಗೆ ತಿರುಚಿಕೊಂಡು ಬಂದಿದ್ದರೆ ಮಾತ್ರ ಖರ್ಚು ಮಾಡಬೇಡಿ, ಆ ತಿರುಚು ನೂಲಿನದು, ಯಾವ ದರ್ಜಿಯಿಂದಲೂ ಸರಿಹೋಗುವುದಿಲ್ಲ. ಮೊದಲೇ ಕುಗ್ಗಿಸದ ಹತ್ತಿ ಜೆರ್ಸಿ ಉದ್ದದಲ್ಲಿ ನೂರಕ್ಕೆ ಐದರಷ್ಟು ಕುಗ್ಗಬಹುದು, 70 ಸೆಂ.ಮೀ. ಉದ್ದದ ಅಂಗಿಯಲ್ಲಿ ಅದು ಮೂರೂವರೆ ಸೆಂ.ಮೀ. ಆದ್ದರಿಂದ ಎರಡು ಸಲ ಒಗೆದು ಒಣಗಿಸಿ, ಸ್ಕರ್ಟನ್ನೂ ಉಟ್ಟು, ಅಂಚು ಎಲ್ಲಿ ನಿಲ್ಲಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡ ಮೇಲೆಯೇ ಅದನ್ನು ದರ್ಜಿಯ ಕೈಗೆ ಕೊಡಿ.